ಮಲೆನಾಡಿನ ಮಳೆ, ದಿನಾ ಓಡುವ ಪಿಕಪ್: ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಬೇಡ

(ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ಪಿಕಪ್. ಅದೂ ಫೋರ್ ವೀಲ್ ಡ್ರೈವ್ ಪಿಕಪ್. ರೀಲ್ಸ್‌ನಲ್ಲಿ ನೀವು ನೋಡಿರ್ತೀರಿ. ದಪ್ಪ ಟೈರು, ಎತ್ತರಿಸಿದ ಬಾಡಿ, ಬಂಡೆ ಹತ್ತೋ ವಿಡಿಯೊ, ಹಿಂದೆ ಡಬ್ ಡಬ್ ಅಂತ ಮ್ಯೂಸಿಕ್. ನೋಡೋಕೆ ಚೆಂದ. ಆದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇಂಥ ಗಾಡಿ ಇಟ್ಕೊಂಡು ದಿನಾ ಓಡಿಸೋರ ಲೆಕ್ಕಾಚಾರವೇ ಬೇರೆ. ಬೆಳಗ್ಗೆ ಮಕ್ಕಳನ್ನ ಶಾಲೆಗೆ ಬಿಡ್ಬೇಕು, ಮಧ್ಯಾಹ್ನ ಗೊಬ್ಬರ ತರ್ಬೇಕು, ಸಂಜೆ ಪೇಟೆಗೆ ಹೋಗ್ಬೇಕು, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಅದೇ ಗಾಡಿ ಆಂಬುಲೆನ್ಸ್. ಅಂಥವರಿಗಾಗಿ ಈ ಸಂಚಿಕೆ.

ಇಡೀ ಸಂಚಿಕೆಯ ಸಾರಾಂಶ ಒಂದೇ ಸಾಲಲ್ಲಿ ಮೊದಲೇ ಹೇಳಿಬಿಡ್ತೀನಿ: ನಮ್ಮ ಕಡೆ ಪಿಕಪ್‌ಗೆ ಶತ್ರು ಬಂಡೆ ಅಲ್ಲ, ನೀರು. ಹಾಗಾಗಿ ದುಡ್ಡು ಖರ್ಚು ಮಾಡೋ ಕ್ರಮವೂ ಅದನ್ನೇ ನೋಡ್ಕೊಂಡು ಇರ್ಬೇಕು.

ಕೊನೆಯ ಎರಡು ಕಿಲೋಮೀಟರ್

ಬಯಲುಸೀಮೆಯಲ್ಲಿ ಊರು ಅಂದ್ರೆ ಮನೆಗಳು ಒಟ್ಟೊಟ್ಟಿಗೆ ಇರ್ತವೆ. ಮಲೆನಾಡಲ್ಲಿ ಹಾಗಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ತೋಟದ ಆಚೆ, ಮಧ್ಯ ಒಂದು ಹಳ್ಳ. ಡಾಂಬರು ರಸ್ತೆ ಒಂದು ಕಡೆ ಮುಗಿಯತ್ತೆ. ಅಲ್ಲಿಂದ ಮನೆಯ ಅಂಗಳದವರೆಗೆ ಕೆಮ್ಮಣ್ಣಿನ ದಾರಿ. ಬೇಸಿಗೆಯಲ್ಲಿ ಯಾವ ಕಾರಾದ್ರೂ ಹೋಗತ್ತೆ. ಆರಿದ್ರಾ ಮಳೆ ಶುರುವಾದ ಮೇಲೆ ಅದೇ ದಾರಿಗೆ ಸೋಪು ಹಚ್ಚಿದ ಹಾಗೆ.

ಎಷ್ಟು ಮಳೆ ಅಂತೀರಾ? ತೀರ್ಥಹಳ್ಳಿ ತಾಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ ಸುಮಾರು 7,600 ಮಿಲಿಮೀಟರ್. ಬೆಂಗಳೂರಿನದು ಸಾವಿರ ಮಿಲಿಮೀಟರ್ ಆಸುಪಾಸು. ಅಂದ್ರೆ ಏಳು ಪಟ್ಟಿಗೂ ಜಾಸ್ತಿ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳತ್ತೆ. ಹೊಸನಗರ ತಾಲೂಕಿನ ಹುಲಿಕಲ್, ಮಾಸ್ತಿಕಟ್ಟೆ ಕಡೆಯೂ ಕಮ್ಮಿ ಏನಲ್ಲ.

ಸಾಗರ ತಾಲೂಕಿನ ತುಮರಿ ಭಾಗದ ಕಥೆ ನಿಮಗೆ ಗೊತ್ತೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ಶರಾವತಿ ಹಿನ್ನೀರು ಆ ಕಡೆಯ ಊರುಗಳನ್ನ ದ್ವೀಪದ ಹಾಗೆ ಮಾಡ್ತು. ದಶಕಗಳ ಕಾಲ ಲಾಂಚೇ ದಾರಿ. ಸಂಜೆ ಲಾಂಚ್ ನಿಂತ ಮೇಲೆ ತುರ್ತು ಬಂದ್ರೆ ಹೊಸನಗರದ ಕಡೆಯಿಂದ ಸುತ್ತು ಹಾಕ್ಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ಮಧ್ಯೆ ಸುಮಾರು 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ದೊಡ್ಡ ಅಡಚಣೆ ಒಂದು ಹೋಯ್ತು. ಆದ್ರೆ ಸೇತುವೆಯಿಂದ ಮನೆ ಬಾಗಿಲವರೆಗಿನ ದಾರಿ ಹಾಗೇ ಇದೆ.

ಪಿಕಪ್ ಬೇಕಾಗೋದು ಆ ಕೊನೆಯ ಎರಡು ಕಿಲೋಮೀಟರ್‌ಗೆ. ಉಳಿದ ಅರವತ್ತೆಪ್ಪತ್ತು ಕಿಲೋಮೀಟರ್, ಶಿವಮೊಗ್ಗಕ್ಕೋ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಡಾಂಬರು ರಸ್ತೆಯೇ. ಹಾಗಾಗಿ ಗಾಡಿ ಎರಡೂ ಕಡೆ ಸರಿಯಾಗಿ ಓಡ್ಬೇಕು. ಕೆಸರಲ್ಲಿ ಮಾತ್ರ ಹೀರೋ ಆಗಿ, ಒದ್ದೆ ಡಾಂಬರಿನ ಮೇಲೆ ಜಾರೋ ಗಾಡಿ ನಮಗೆ ಪ್ರಯೋಜನಕ್ಕಿಲ್ಲ.

ಯಾವ ಗಾಡಿ?

ನಮ್ಮ ಕಡೆ ಸಿಗೋ ಆಯ್ಕೆಗಳನ್ನ ಮೂರು ಗುಂಪು ಮಾಡೋಣ.

ಮೊದಲನೇದು ದುಡಿಯೋ ಗಾಡಿ. ಮಹೀಂದ್ರ ಬೊಲೆರೊ ಪಿಕಪ್ ಮತ್ತು ಬೊಲೆರೊ ಕ್ಯಾಂಪರ್. ಕ್ಯಾಂಪರ್‌ನಲ್ಲಿ ಎರಡು ಸಾಲು ಸೀಟು, ಹಿಂದೆ ತೊಟ್ಟಿ. ಎರಡರಲ್ಲೂ ಫೋರ್ ವೀಲ್ ಡ್ರೈವ್ ಮಾದರಿ ಬಂದಿವೆ. ಕ್ಯಾಂಪರ್‌ನ 2.5 ಲೀಟರ್ ಡೀಸೆಲ್ ಎಂಜಿನ್ ಕೊಡೋದು ಸುಮಾರು 75 ಎಚ್‌ಪಿ. ಹೆದ್ದಾರಿಯಲ್ಲಿ ಓಡಿಸೋಕೆ ಮಜಾ ಇಲ್ಲ, ಏರ್‌ಬ್ಯಾಗ್ ಥರದ ಸುರಕ್ಷತೆಯಲ್ಲೂ ಹಿಂದೆ. ಆದ್ರೆ ಬಿಡಿಭಾಗ ತಾಲೂಕು ಪೇಟೆಯಲ್ಲೇ ಸಿಗತ್ತೆ, ರಿಪೇರಿ ಗೊತ್ತಿರೋರು ಹತ್ತಿರದಲ್ಲೇ ಇರ್ತಾರೆ.

ಎರಡನೇದು ಜೀವನಶೈಲಿ ಪಿಕಪ್. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ 2016ರಲ್ಲಿ ಭಾರತಕ್ಕೆ ಬಂದಾಗ ಆರಂಭಿಕ ಬೆಲೆ 12.49 ಲಕ್ಷ ಇತ್ತು. ಆಮೇಲೆ ಏರ್ತಾ ಹೋಯ್ತು. 2021ರ ಬಿಎಸ್-6 ಮಾದರಿಯಲ್ಲಿ 1.9 ಲೀಟರ್ ಎಂಜಿನ್, 163 ಪಿಎಸ್ ಶಕ್ತಿ. ಟೊಯೊಟ ಹೈಲಕ್ಸ್ 2022ರಲ್ಲಿ ಬಂತು, 2.8 ಲೀಟರ್ ಎಂಜಿನ್, 204 ಪಿಎಸ್, ಆಗ ಬೆಲೆ 33.99 ಲಕ್ಷದಿಂದ ಶುರು ಆಗ್ತಿತ್ತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಖಾಸಗಿ ಗಾಡಿಗೆ ರಸ್ತೆ ತೆರಿಗೆಯೇ ಶೇ. 18, ಅದರ ಮೇಲೆ ಸೆಸ್. ಇದನ್ನ ಮೊದಲೇ ಲೆಕ್ಕ ಹಾಕ್ಕೊಳ್ಳಿ.

ಮೂರನೇದು ಹಳೆ ಜೀಪು. ಕೊಡಚಾದ್ರಿಗೆ ಹೋದವರು ನೋಡಿರ್ತೀರಿ, 1,343 ಮೀಟರ್ ಎತ್ತರದ ಬೆಟ್ಟದ ಆ ಕಡಿದಾದ ದಾರಿಯಲ್ಲಿ ಜನರನ್ನ ಹೊತ್ತು ಹತ್ತೋದು ಇವೇ. ಹಗುರ, ಚಿಕ್ಕದು, ಎಲೆಕ್ಟ್ರಾನಿಕ್ಸ್ ಇಲ್ಲ. ಆದ್ರೆ ವಯಸ್ಸಾದ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಮಳೆಯಲ್ಲಿ ಮಣಿಪಾಲಕ್ಕೆ ಹೋಗೋಕೆ ಅದು ಸರಿಯಾದ ಗಾಡಿ ಅಲ್ಲ.

ತಗೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ.

ಒಂದು, ಬಿಳಿ ಬೋರ್ಡೋ ಹಳದಿ ಬೋರ್ಡೋ? ಸರಕು ವಾಹನ ಅಂತ ನೋಂದಣಿ ಆದ್ರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಮಾಡಿಸ್ಬೇಕು. ವಿಮೆಯ ಲೆಕ್ಕವೂ ಬೇರೆ. ವಿ-ಕ್ರಾಸ್, ಹೈಲಕ್ಸ್ ಖಾಸಗಿಯಾಗಿ ನೋಂದಣಿ ಆಗ್ತವೆ.

ಎರಡು, ಉದ್ದ. ವಿ-ಕ್ರಾಸ್, ಹೈಲಕ್ಸ್ ಎರಡೂ ಸುಮಾರು 5.3 ಮೀಟರ್. ನಾಲ್ಕು ಮೀಟರ್ ಒಳಗಿನ ಕಾರು ಒಂದೇ ಸಲಕ್ಕೆ ತಿರುಗೋ ನಿಮ್ಮ ಮನೆ ಹತ್ತಿರದ ತಿರುವಿನಲ್ಲಿ ಇದನ್ನ ಮೂರು ಸಲ ಹಿಂದೆ ಮುಂದೆ ಮಾಡ್ಬೇಕಾಗಬಹುದು. ಒಂದು ಟೇಪ್ ತಗೊಂಡು ದಾರಿ, ಅಂಗಳ, ಕೊಟ್ಟಿಗೆ ಅಳೆದು ನೋಡಿ.

ಮೂರು, ಸರ್ವಿಸ್ ಸೆಂಟರ್ ಎಲ್ಲಿದೆ? ಆಷಾಢದ ಮಳೆಯಲ್ಲಿ ಒಂದು ಸೆನ್ಸರ್ ಕೆಟ್ಟು ಗಾಡಿಯನ್ನ ಘಟ್ಟದ ಆಚೆಗೋ ಬೆಂಗಳೂರಿಗೋ ಲಾರಿ ಮೇಲೆ ಕಳಿಸ್ಬೇಕಾದ್ರೆ, ಮನೆಯಲ್ಲಿ ಎರಡನೇ ಗಾಡಿ ಇರಲೇಬೇಕು.

ಫೋರ್ ವೀಲ್ ಡ್ರೈವ್ ಅಂದ್ರೆ ಏನು, ಯಾವಾಗ

ಈ ಪಿಕಪ್‌ಗಳಲ್ಲಿ ಇರೋದು ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್. ಮಾಮೂಲಿ ಹೊತ್ತಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ, ಇದು ಟೂ ಹೈ. ಗುಂಡಿ ತಿರುಗಿಸಿದ್ರೆ ಫೋರ್ ಹೈ, ಆಗ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ ಒಂದೇ ವೇಗದಲ್ಲಿ ತಿರುಗ್ತವೆ. ಫೋರ್ ಲೋ ಅಂದ್ರೆ ಅದರ ಜೊತೆಗೆ ಗೇರು ಸುಮಾರು ಎರಡೂವರೆ ಪಟ್ಟು ನಿಧಾನ, ಚಕ್ರಕ್ಕೆ ಸಿಗೋ ತಿರುಗುಬಲ ಅಷ್ಟೇ ಪಟ್ಟು ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡ್ಬೇಕು. ಆದ್ರೆ ನೀವು ಎರಡನ್ನೂ ಕಟ್ಟಿಹಾಕಿದ್ದೀರಿ. ಕೆಸರಲ್ಲಿ ಆದ್ರೆ ಚಕ್ರ ಸ್ವಲ್ಪ ಜಾರಿ ಹೊಂದ್ಕೊಳ್ಳತ್ತೆ. ಒಣಗಿದ ಡಾಂಬರಿನ ಮೇಲೆ ಜಾರೋಕೆ ಆಗಲ್ಲ, ಆ ಒತ್ತಡ ಎಲ್ಲ ಗೇರು, ಶಾಫ್ಟ್, ಜಾಯಿಂಟ್‌ಗಳ ಮೇಲೆ ಬೀಳತ್ತೆ. ಸ್ಟೇರಿಂಗ್ ಬಿಗಿ ಆಗೋದು, ಕಟಕಟ ಶಬ್ದ ಬರೋದು ಅದಕ್ಕೇ. ಹಾಗಾಗಿ ಒಣ ರಸ್ತೆಯಲ್ಲಿ ಟೂ ಹೈ, ಮಣ್ಣು ಕೆಸರಲ್ಲಿ ಫೋರ್ ಹೈ, ಕಡಿದಾದ ಏರು ಇಳಿಜಾರಲ್ಲಿ ಫೋರ್ ಲೋ.

ಮತ್ತೊಂದು ವಿಷಯ. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಶಕ್ತಿ ಹೋಗೋದೂ ಹಿಂದಿನ ಚಕ್ರಕ್ಕೇ. ಹಾಗಾಗಿ ಒದ್ದೆ ತಿರುವಿನಲ್ಲಿ ಆಕ್ಸಲರೇಟರ್ ಜೋರಾಗಿ ತುಳಿದ್ರೆ ಹಿಂಭಾಗ ಬಾಲ ಬೀಸಿದ ಹಾಗೆ ಜಾರತ್ತೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ, ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಇದನ್ನ ನೆನಪಿಡಿ. ಇಳಿಯುವಾಗ ಬರೀ ಬ್ರೇಕ್ ಮೇಲೆ ನಿಲ್ಲಬೇಡಿ, ಹತ್ತೋ ಗೇರಿನಲ್ಲೇ ಇಳೀರಿ.

ಕ್ಲಚ್ ಉಳಿಸೋ ಒಂದು ಉಪಾಯವೂ ಇದೆ. ಲೋಡ್ ತುಂಬ್ಕೊಂಡು ತೋಟದ ಮಣ್ಣಿನ ಏರಿನಲ್ಲಿ ರಿವರ್ಸ್ ಹೋಗೋವಾಗ ಕ್ಲಚ್ ಅರ್ಧ ಹಿಡಿದು ಎಳೆದಾಡಿದ್ರೆ ಸುಟ್ಟ ವಾಸನೆ ಗ್ಯಾರಂಟಿ. ಫೋರ್ ಲೋಗೆ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ನಿಧಾನಕ್ಕೆ ಹತ್ತಿಸಿ. ಆ ಗೇರು ಇರೋದೇ ಅದಕ್ಕೆ.

ನೀರು: ಹಳ್ಳ ದಾಟೋ ಮುಂಚೆ

ಡೀಸೆಲ್ ಎಂಜಿನ್ ಗಾಳಿಯನ್ನ ಸುಮಾರು ಹದಿನಾರು ಪಟ್ಟು ಒತ್ತಿ ಕುಗ್ಗಿಸತ್ತೆ. ಗಾಳಿ ಕುಗ್ಗತ್ತೆ, ನೀರು ಕುಗ್ಗಲ್ಲ. ಏರ್ ಇನ್‌ಟೇಕ್ ಮೂಲಕ ಒಂದು ಲೋಟ ನೀರು ಸಿಲಿಂಡರ್ ಒಳಗೆ ಹೋದ್ರೂ ಪಿಸ್ಟನ್ ಮೇಲೆ ಬರೋವಾಗ ಕನೆಕ್ಟಿಂಗ್ ರಾಡ್ ಬಾಗಿಹೋಗತ್ತೆ. ಇದಕ್ಕೆ ಹೈಡ್ರೊಲಾಕ್ ಅಂತಾರೆ. ಬಿಲ್ಲು ಲಕ್ಷಗಳಲ್ಲಿ ಬರತ್ತೆ. ಮಾಮೂಲಿ ವಿಮೆ ಇದನ್ನ ಸಾಮಾನ್ಯವಾಗಿ ಕೊಡಲ್ಲ, ಎಂಜಿನ್ ರಕ್ಷಣೆಯ ಪ್ರತ್ಯೇಕ ಆಡ್-ಆನ್ ಬೇಕು. ನಮ್ಮ ಕಡೆಯವರು ಆ ಆಡ್-ಆನ್ ತಗೊಳ್ಳೋದು ಒಳ್ಳೇದು.

ನೀರಿನ ಮಧ್ಯೆ ಎಂಜಿನ್ ಆಫ್ ಆದ್ರೆ ಒಂದೇ ನಿಯಮ: ಮತ್ತೆ ಸ್ಟಾರ್ಟ್ ಮಾಡ್ಬೇಡಿ. ಎಳೆಸ್ಕೊಂಡು ಹೊರಗೆ ತನ್ನಿ, ಏರ್ ಫಿಲ್ಟರ್ ಬಿಚ್ಚಿ ನೋಡಿ, ಒದ್ದೆ ಇದ್ರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಎಷ್ಟೋ ಸಲ ಎಂಜಿನ್ ಒಡೆಯೋದು ನೀರಿಗೆ ಇಳಿದಾಗ ಅಲ್ಲ, ಎರಡನೇ ಸಲ ಕೀಲಿ ತಿರುಗಿಸಿದಾಗ.

ಆಳದ ಲೆಕ್ಕ ಹೇಗೆ? ನಿಂತ ನೀರು, ತಳ ಗಟ್ಟಿ ಅಂತ ಗೊತ್ತಿದ್ರೆ, ಚಕ್ರದ ನಡುಮಧ್ಯದವರೆಗೆ ಹೆಚ್ಚು ಚಿಂತೆ ಇಲ್ಲ. ಹೈಲಕ್ಸ್‌ಗೆ ಕಂಪನಿ 700 ಮಿಲಿಮೀಟರ್ ಆಳದ ನೀರು ದಾಟಬಹುದು ಅನ್ನತ್ತೆ. ಆದ್ರೆ ಅದು ನಿಂತ ನೀರಿನ ಮಾತು. ಹರಿಯೋ ನೀರು ಬೇರೆ. ಒಂದಡಿ ಹರಿಯೋ ನೀರು ಸಣ್ಣ ಕಾರನ್ನ ಎತ್ತಿ ಒಯ್ಯಬಲ್ಲದು, ಎರಡಡಿ ಪಿಕಪ್‌ನೂ ಬಿಡಲ್ಲ. ಗಾಡಿ ಭಾರ ಇದೆ ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ, ಯಾಕಂದ್ರೆ ನೀರು ಗಾಡಿಯನ್ನ ಪಕ್ಕಕ್ಕೆ ತಳ್ಳೋದರ ಜೊತೆಗೆ ಮೇಲಕ್ಕೂ ಎತ್ತತ್ತೆ. ಸಂಕದ ಮೇಲೆ ಕೆಂಪು ನೀರು ಹರೀತಾ ಇದ್ರೆ, ಕೆಳಗೆ ಸಂಕ ಇದೆಯೋ ಕೊಚ್ಚಿಹೋಗಿದೆಯೋ ಯಾರಿಗೂ ಕಾಣಲ್ಲ. ಅವತ್ತು ಕಾಯೋದೇ ಡ್ರೈವಿಂಗ್.

ಕಣ್ಣಿಗೆ ಕಾಣದ ಇನ್ನೊಂದು ದಾರಿಯಲ್ಲೂ ನೀರು ಒಳಗೆ ಹೋಗತ್ತೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಡಿಫರೆನ್ಷಿಯಲ್, ಗೇರ್‌ಬಾಕ್ಸ್ ಬಿಸಿ ಆಗಿರ್ತವೆ. ಹಾಗೇ ತಣ್ಣನೆ ಹಳ್ಳಕ್ಕೆ ಇಳಿಸಿದ್ರೆ ಒಳಗಿನ ಗಾಳಿ ತಕ್ಷಣ ಕುಗ್ಗಿ, ಹೊರಗಿನದನ್ನ ಒಳಗೆ ಎಳ್ಕೊಳ್ಳತ್ತೆ. ಗಾಳಿಯಾಡೋಕೆ ಅಂತ ಇರೋ ಬ್ರೀದರ್ ನೀರಲ್ಲಿ ಮುಳುಗಿದ್ರೆ ಅಥವಾ ಮಣ್ಣು ಕಟ್ಟಿಕೊಂಡಿದ್ರೆ ಸೀಲ್ ಪಕ್ಕದಿಂದ ನೀರೇ ಒಳಗೆ. ಆಮೇಲೆ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗತ್ತೆ, ಬೇರಿಂಗ್ ಹೋಗತ್ತೆ. ಪರಿಹಾರ ಸಸ್ತಾ: ಬ್ರೀದರ್‌ಗೆ ಉದ್ದ ಪೈಪ್ ಹಾಕಿ ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಒಯ್ಯೋದು. ಹಳ್ಳದ ಅಂಚಲ್ಲಿ ಐದು ನಿಮಿಷ ನಿಲ್ಲಿಸಿ ತಣಿಯೋಕೆ ಬಿಡೋದಕ್ಕೆ ಅದೂ ಖರ್ಚಿಲ್ಲ.

ಮೈಲುತುತ್ತು ಮತ್ತು ತುಕ್ಕು

ಇದು ಅಡಿಕೆ ಸೀಮೆಯವರಿಗೇ ಮೀಸಲಾದ ತೊಂದರೆ. ಯಾವ ಕಂಪನಿಯ ಓನರ್ಸ್ ಮ್ಯಾನುವಲ್‌ನಲ್ಲೂ ನಿಮಗೆ ಸಿಗಲ್ಲ.

ಮಳೆ ಶುರುವಾದ್ರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ದ್ರಾವಣ ಸರಿಯಾಗಿದೆಯಾ ಅಂತ ನೋಡೋಕೆ ಕತ್ತಿಯ ತುದಿ ಅದ್ದಿ ನೋಡೋದು ನಿಮಗೆ ಗೊತ್ತು. ಕೆಂಪಾದ್ರೆ ಸುಣ್ಣ ಸಾಲದು. ಹೈಸ್ಕೂಲಲ್ಲಿ ಕಬ್ಬಿಣದ ಮೊಳೆಯನ್ನ ತಾಮ್ರದ ಸಲ್ಫೇಟ್‌ನಲ್ಲಿ ಇಟ್ಟ ಪ್ರಯೋಗವೂ ಅದೇ. ಆ ಕೆಂಪು ಬಣ್ಣ ತಾಮ್ರ. ತಾಮ್ರ ಬಂದು ಕೂತ್ಕೊಂಡಷ್ಟು ಕಬ್ಬಿಣ ಕರಗಿ ಹೋಗಿರತ್ತೆ.

ಈಗ ನಿಮ್ಮ ಪಿಕಪ್‌ನ ತೊಟ್ಟಿ ನೆನಪಿಸ್ಕೊಳ್ಳಿ. ಮೈಲುತುತ್ತಿನ ಚೀಲ ಒದ್ದೆಯಾಗಿ ನಾಲ್ಕು ಹನಿ ಸೋರಿದ್ರೆ, ಬಣ್ಣ ಕಿತ್ತ ಗೀರುಗಳಲ್ಲಿ ಅದೇ ಪ್ರಯೋಗ ನಡೀತಾ ಇರತ್ತೆ. ಪೊಟ್ಯಾಷ್ ಗೊಬ್ಬರವೂ ಒಂದು ಲವಣವೇ, ಹಟ್ಟಿ ಗೊಬ್ಬರ ತೇವ ಹಿಡಿದಿಟ್ಟುಕೊಳ್ಳತ್ತೆ. ಇವೆಲ್ಲ ತೊಟ್ಟಿಯ ಮೂಲೆ, ಬೋಲ್ಟಿನ ಸಂದು, ಟೈಲ್‌ಗೇಟಿನ ಕೆಳ ಅಂಚಲ್ಲಿ ಕೂತು ತಿನ್ನುತ್ತವೆ.

ಏನು ಮಾಡ್ಬೇಕು? ಹೊಸ ಗಾಡಿ ಬಂದ ಮೊದಲ ತಿಂಗಳಲ್ಲೇ ತೊಟ್ಟಿಗೆ ಲೈನರ್ ಹಾಕ್ಸಿ. ಸ್ಪ್ರೇ ಮಾಡೋ ಪಾಲಿಯೂರಿಯ ಕೋಟಿಂಗ್ ಆದ್ರೆ ಉತ್ತಮ, ಯಾಕಂದ್ರೆ ಪ್ಲಾಸ್ಟಿಕ್ ತಟ್ಟೆಯ ಅಡಿ ನೀರು ನಿಂತು ಕಾಣದ ಹಾಗೆ ತುಕ್ಕು ಹಿಡಿಯಬಹುದು. ಮೈಲುತುತ್ತನ್ನ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬದಲ್ಲೇ ಸಾಗಿಸಿ. ಕೆಲಸ ಮುಗಿದ ಸಂಜೆಯೇ ತೊಟ್ಟಿ ತೊಳೀರಿ. "ಹೇಗಿದ್ರೂ ಮಳೆ ಬರ್ತದಲ್ಲ, ತೊಳೆದುಹೋಗ್ತದೆ" ಅನ್ನಬೇಡಿ. ಮಳೆ ಮೇಲ್ಮೈ ತೊಳೆದು ಎಲ್ಲವನ್ನೂ ಸಂದಿಗೇ ಕಳಿಸತ್ತೆ. ಹಾಗೆ ತೊಳೆಯೋವಾಗ ಚಾಸಿಯ ಒಳಗಿನ ಕೆಸರೂ ತೆಗೀರಿ. ಚಾಸಿಯ ತಳದಲ್ಲಿ ಸಣ್ಣ ತೂತುಗಳಿರ್ತವೆ, ನೀರು ಬಸಿಯೋಕೆ. ಕೆಮ್ಮಣ್ಣು ಅವನ್ನ ಮುಚ್ಚಿಬಿಟ್ರೆ ಚಾಸಿ ಒಳಗಿಂದಲೇ ಕೊಳೆಯತ್ತೆ.

ದ್ರಾವಣದ ಡ್ರಮ್ ಸಾಗಿಸೋರಿಗೆ ಒಂದು ಮಾತು. 200 ಲೀಟರ್ ಡ್ರಮ್ ತುಂಬಿದ್ರೆ 200 ಕೆಜಿ. ಅರ್ಧ ತುಂಬಿದ್ರೆ ಭಾರ ಕಮ್ಮಿ, ಆದ್ರೆ ನೀರು ತಿರುವಿನಲ್ಲಿ ಆ ಕಡೆ ಈ ಕಡೆ ಹೊಯ್ದಾಡಿ ಗಾಡಿಯನ್ನ ವಾಲಿಸತ್ತೆ. ಡ್ರಮ್ಮನ್ನ ಕ್ಯಾಬಿನ್ ಕಡೆಗೆ ಒತ್ತಿ, ಹಗ್ಗ ಅಲ್ಲ, ರಾಚೆಟ್ ಪಟ್ಟಿಯಲ್ಲಿ ಬಿಗೀರಿ.

ವರ್ಷದ ಕೆಲಸ, ಮಳೆ ಲೆಕ್ಕದಲ್ಲಿ

ಕಂಪನಿಯವರು ಕಿಲೋಮೀಟರ್ ಲೆಕ್ಕದಲ್ಲಿ ಸರ್ವಿಸ್ ಹೇಳ್ತಾರೆ. ಅದನ್ನ ತಪ್ಪಿಸಬೇಡಿ. ಜೊತೆಗೆ ನಮ್ಮದೇ ಕ್ಯಾಲೆಂಡರ್ ಒಂದು ಇರಲಿ.

ಮೇ ತಿಂಗಳು, ಮುಂಗಾರಿಗೆ ಮುಂಚೆ. ವೈಪರ್ ಬ್ಲೇಡ್ ಹೊಸದು. ಬ್ಯಾಟರಿ ಟೆಸ್ಟ್. ಟೈರಿನ ಗಾಡಿ ಆಳ ನೋಡಿ. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್, ನಮ್ಮ ಮಳೆಗೆ 4 ಮಿಲಿಮೀಟರ್‌ಗೆ ಇಳಿದಾಗಲೇ ಬದಲಾಯಿಸೋದು ಒಳ್ಳೇದು. ಚಾಸಿ ತೊಳೆದು, ಪೂರ್ತಿ ಒಣಗಿಸಿ, ತುಕ್ಕು ನಿರೋಧಕ ಹಚ್ಚಿ. ಒದ್ದೆ ಚಾಸಿಗೆ ಹಚ್ಚಿದ್ರೆ ನೀರನ್ನ ಒಳಗೇ ಬಂದಿ ಮಾಡಿದ ಹಾಗೆ.

ಜೂನ್‌ನಿಂದ ಸೆಪ್ಟೆಂಬರ್. ಡೀಸೆಲ್ ಫಿಲ್ಟರ್ ತಳದಲ್ಲಿ ಸೇರೋ ನೀರನ್ನ ಹದಿನೈದು ದಿನಕ್ಕೊಮ್ಮೆ ಬಸೀರಿ. ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಓಡತ್ತೆ. ಅಲ್ಲಿ ನೀರು ಸೇರಿದ್ರೆ ಇಂಜೆಕ್ಟರ್ ಹೋಗತ್ತೆ. ಟ್ಯಾಂಕ್ ಆದಷ್ಟು ತುಂಬಿಸಿಡಿ, ಖಾಲಿ ಜಾಗದಲ್ಲಿ ಗಾಳಿಯ ತೇವ ಹನಿಯಾಗಿ ಇಳಿಯತ್ತೆ. ವಿ-ಕ್ರಾಸ್, ಹೈಲಕ್ಸ್, ಬೊಲೆರೊ ಎಲ್ಲಕ್ಕೂ ಹಿಂದೆ ಇರೋದು ಡ್ರಮ್ ಬ್ರೇಕ್. ಒಳಗೆ ಸೇರಿದ ಕೆಸರು ತಾನಾಗಿ ಹೊರಗೆ ಬರಲ್ಲ, ಮಳೆಗಾಲದ ಮಧ್ಯೆ ಒಮ್ಮೆ ಬಿಚ್ಚಿಸಿ ತೆಗೆಸಿ. ಮೂರು ನಾಲ್ಕು ದಿನ ಗಾಡಿ ನಿಲ್ಲಿಸೋದಾದ್ರೆ ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ಬ್ರೇಕ್ ಶೂ ಡ್ರಮ್‌ಗೆ ಕಚ್ಚಿಕೊಳ್ಳತ್ತೆ. ಸಮತಟ್ಟು ಜಾಗದಲ್ಲಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಬಿಎಸ್-6 ಗಾಡಿಗಳಿಗೆ ಇನ್ನೊಂದು ವಿಷಯ. ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅನ್ನೋ ಫಿಲ್ಟರ್ ಇರತ್ತೆ. ಅದು ಆಗಾಗ ಬಿಸಿಯಾಗಿ ಮಸಿಯನ್ನ ತಾನೇ ಸುಡ್ಬೇಕು. ದಿನಾ ಬರೀ ಮೂರು ಕಿಲೋಮೀಟರ್ ಶಾಲೆ, ಎರಡು ಕಿಲೋಮೀಟರ್ ತೋಟ ಅಂತ ಓಡಿಸಿದ್ರೆ ಆ ಬಿಸಿ ಬರೋದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳತ್ತೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ, ಸಾಗರದಿಂದ ಆನಂದಪುರಕ್ಕೆ ಹೋಗಿಬಂದ್ರೆ ಸಾಕು.

ಅಕ್ಟೋಬರ್, ಮಳೆ ಬಿಟ್ಟ ಮೇಲೆ. ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಎಣ್ಣೆಯ ಬಣ್ಣ ನೋಡಿ, ಕಲಸಿದ ಹಾಗಿದ್ರೆ ಬದಲಾಯಿಸಿ. ಪ್ರೊಪೆಲ್ಲರ್ ಶಾಫ್ಟಿನ ನಿಪಲ್‌ಗಳಿಗೆ ಗ್ರೀಸ್. ಹಿಂದಿನ ಎಲೆಸ್ಪ್ರಿಂಗ್‌ನಲ್ಲಿ ಬಿರುಕು ಇದೆಯಾ ನೋಡಿ. ಅಡಿಕೆ ಕೊಯ್ಲು ಶುರುವಾಗಿ ಲೋಡ್ ಬೀಳೋ ಮುಂಚೆ ಇದು ಆಗಲಿ.

ಇಲಿಗಳನ್ನ ಮರೀಬೇಡಿ. ಅಡಿಕೆ ದಾಸ್ತಾನು ಇರೋ ಕಡೆ ಇಲಿ, ಇಲಿ ಇರೋ ಕಡೆ ಕಡಿದ ವೈರ್. ವಾರಕ್ಕೊಮ್ಮೆ ಬಾನೆಟ್ ಎತ್ತಿ, ಗೂಡು, ಒಣ ಎಲೆ ಇದ್ರೆ ತೆಗೀರಿ.

ಅಪ್‌ಗ್ರೇಡ್: ಯಾವುದು ಮೊದಲು

ಎಲ್ಲರಿಗೂ ಇಷ್ಟವಾದ ಭಾಗಕ್ಕೆ ಬಂದ್ವಿ. ನನ್ನ ಪಟ್ಟಿ ಹೀಗಿದೆ.

ಮೊದಲು ಟೈರು. ಮಡ್ ಟೆರೇನ್ ಟೈರಿನ ದಪ್ಪ ಗಟ್ಟಿಗಳ ಮಧ್ಯೆ ಜಾಗ ಜಾಸ್ತಿ, ಜಿಗುಟು ಮಣ್ಣನ್ನ ಎಸೆದು ಹಿಡಿತ ಪಡೀತವೆ. ಆದ್ರೆ ಒದ್ದೆ ಡಾಂಬರಿಗೆ ತಾಗೋ ರಬ್ಬರ್ ಕಮ್ಮಿ, ಬ್ರೇಕ್ ಹಾಕಿದ್ರೆ ನಿಲ್ಲೋದು ತಡ, ಸದ್ದೂ ಜಾಸ್ತಿ. ನಮ್ಮ ಓಡಾಟ ಬಹುಪಾಲು ಒದ್ದೆ ಡಾಂಬರಿನ ಮೇಲೆ. ಹಾಗಾಗಿ ಒಳ್ಳೆ ಆಲ್ ಟೆರೇನ್ ಟೈರೇ ಸರಿಯಾದ ರಾಜಿ. ಸೈಜು ಕಂಪನಿ ಹೇಳಿದ್ದೇ ಇರಲಿ. ಟೈರಿನ ಸುತ್ತಳತೆ ಶೇ. 5 ಹೆಚ್ಚಿಸಿದ್ರೆ ಸ್ಪೀಡೋಮೀಟರ್ ಅಷ್ಟು ಕಮ್ಮಿ ತೋರಿಸತ್ತೆ, ಎಂಜಿನ್ ಏರಿನಲ್ಲಿ ಅಷ್ಟು ಸೊರಗತ್ತೆ.

ಎರಡನೇದು ಗಾಳಿ ತುಂಬೋ ಸಣ್ಣ ಕಂಪ್ರೆಸರ್ ಮತ್ತು ಗೇಜ್. ಕೆಸರಲ್ಲಿ ಸಿಕ್ಕಿಬಿದ್ರೆ ಟೈರಿನ ಗಾಳಿಯನ್ನ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ನೋಡಿ. ಟೈರು ಅಗಲವಾಗಿ ನೆಲಕ್ಕೆ ಕೂತು ಎಷ್ಟೋ ಸಲ ತಾನೇ ಹೊರಗೆ ಬರತ್ತೆ. ಡಾಂಬರಿಗೆ ಹತ್ತೋ ಮುಂಚೆ ಮತ್ತೆ ತುಂಬಿ.

ಮೂರನೇದು ಎಳೆಯೋ ಸಾಮಾನು. ರಿಕವರಿ ಪಟ್ಟಿ, ರೇಟಿಂಗ್ ಇರೋ ಎರಡು ಶ್ಯಾಕಲ್, ಒಂದು ಹಾರೆ, ಒಂದು ಕತ್ತಿ. ಗಾಳಿಗೆ ಮರ ಬಿದ್ದು ದಾರಿ ಮುಚ್ಚೋದು ನಮ್ಮಲ್ಲಿ ಮಾಮೂಲು. ಪಟ್ಟಿಯನ್ನ ಚಾಸಿಗೆ ಬಿಗಿದ ಕೊಕ್ಕೆಗೆ ಮಾತ್ರ ಕಟ್ಟಿ. ಟೋ-ಬಾರಿನ ಉಂಡೆಗೆ ಕಟ್ಟಿ ಎಳೆದು, ಅದು ಕಿತ್ತು ಗುಂಡಿನ ಹಾಗೆ ಹಾರಿ ಜನ ಸತ್ತ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ಎಳೆಯೋವಾಗ ಸುತ್ತ ಯಾರೂ ನಿಲ್ಲಬಾರದು.

ನಾಲ್ಕನೇದು ತೊಟ್ಟಿಯ ಲೈನರ್, ಬ್ರೀದರ್ ಪೈಪು, ಕೆಳಗೆ ಎಂಜಿನ್ ರಕ್ಷಿಸೋ ತಟ್ಟೆ.

ಇಷ್ಟಾದ ಮೇಲೆ ದುಡ್ಡು ಉಳಿದ್ರೆ ಸಸ್ಪೆನ್ಷನ್. ಎತ್ತರಿಸೋ ಲಿಫ್ಟ್ ಕಿಟ್ ಬೇಡ ಅಂತೀನಿ. ಗುರುತ್ವದ ಕೇಂದ್ರ ಮೇಲೆ ಹೋದ್ರೆ ಅಡ್ಡ ಇಳಿಜಾರಿನಲ್ಲಿ ಮಗುಚೋ ಅಪಾಯ ಜಾಸ್ತಿ. ಅಜ್ಜಿಗೆ ಹತ್ತೋಕೂ ಕಷ್ಟ.

ಮಂಜಿಗೆ ದೀಪ ಹಾಕ್ಸೋದಾದ್ರೆ ಬಂಪರ್ ಹತ್ತಿರ ಕೆಳಗೆ, ಅಗಲವಾಗಿ ಚೆಲ್ಲೋ ಫಾಗ್ ಲ್ಯಾಂಪ್ ಹಾಕ್ಸಿ. ತಲೆ ಮೇಲಿನ ಎಲ್‌ಇಡಿ ಬಾರ್ ಆಗುಂಬೆ ಮಂಜಿನಲ್ಲಿ ನಿಮ್ಮ ಮುಂದೆಯೇ ಬಿಳಿ ಗೋಡೆ ಎಬ್ಬಿಸತ್ತೆ. ಎದುರಿನವರ ಕಣ್ಣನ್ನೂ ಕುರುಡು ಮಾಡತ್ತೆ. ಇಂಥ ಕಣ್ಣು ಕುಕ್ಕೋ ದೀಪಗಳ ವಿರುದ್ಧ 2024ರಲ್ಲಿ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆಯನ್ನೇ ಮಾಡಿದ್ರು.

ಕಾನೂನು ಏನು ಹೇಳತ್ತೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡೀತು. ಮೀರಿದ್ರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದೆ ಹಾಕೋ ಕಬ್ಬಿಣದ ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಎದುರಿನವರಿಗೆ ಅಪಾಯ ಅನ್ನೋದು ಒಂದು, ನಿಮ್ಮ ಗಾಡಿಯ ಕ್ರಂಪಲ್ ಝೋನ್ ಕೆಲಸಕ್ಕೂ ಅದು ಅಡ್ಡಿ.

ಇನ್ನೊಂದು ಮುಖ್ಯ ಮಾತು, ದಯವಿಟ್ಟು ಗಮನಿಸಿ. ತೊಟ್ಟಿಯಲ್ಲಿ ಜನರನ್ನ ಕೂರಿಸಬೇಡಿ. ಕೊನೆಕೊಯ್ಲಿಗೆ ಬಂದ ಕೂಲಿಯವರು, ಮದುವೆಗೆ ಹೊರಟ ನೆಂಟರು, ಯಾರನ್ನೂ. ಅಲ್ಲಿ ಸೀಟಿಲ್ಲ, ಬೆಲ್ಟಿಲ್ಲ. ಒಂದು ಗುಂಡಿಗೆ ಹಾರಿದ್ರೆ ಜನ ಹೊರಗೆ. ವಿಮೆ ಕಂಪನಿ ಪರಿಹಾರ ಕೊಡಲ್ಲ ಅಂದ್ರೆ ಆ ಕುಟುಂಬದ ಗತಿ ಏನು ಯೋಚನೆ ಮಾಡಿ.

ಕಾಡು, ಮತ್ತು ಪಕ್ಕದ ಮನೆಯವರು

ಫೋರ್ ವೀಲ್ ಡ್ರೈವ್ ಇದೆ ಅಂತ ಎಲ್ಲಿ ಬೇಕಾದ್ರೂ ನುಗ್ಗೋ ಹಾಗಿಲ್ಲ. ಕೊಡಚಾದ್ರಿ ಇರೋದು ಮೂಕಾಂಬಿಕಾ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿ, ಆಗುಂಬೆ ಪಕ್ಕ ಸೋಮೇಶ್ವರ, ಸಾಗರದ ಕಡೆ ಶರಾವತಿ ಕಣಿವೆ. ಅನುಮತಿ ಇಲ್ಲದೆ ಒಳಗೆ ಗಾಡಿ ಓಡಿಸಿದ್ರೆ ಅರಣ್ಯ ಅಪರಾಧ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಾಣೋ ಬಯಲೂ ಮೋಸದ್ದು. ಮೇಲೆ ಒಣ ಬಿರುಕು, ಒಳಗೆ ಸೊಂಟದಾಳದ ಹೂಳು.

ಕಾಡಿಗಿಂತ ಹತ್ತಿರದ ವಿಷಯ, ಊರಿನ ಮಣ್ಣು ರಸ್ತೆ. ಮಳೆಯಲ್ಲಿ ಚಕ್ರ ತಿರುಗಿಸ್ತಾ ಕೆಸರು ಹಾರಿಸಿ ಮಜಾ ಮಾಡಿದ್ರೆ ಆಳವಾದ ಗಾಡಿಜಾಡು ಬೀಳತ್ತೆ. ಅದರಲ್ಲಿ ನೀರು ಹರಿದು ಎರಡೇ ದಿನಕ್ಕೆ ಅಗಳ ಆಗತ್ತೆ. ನಿಮ್ಮ ಪಿಕಪ್ ಹೋಗತ್ತೆ, ಸರಿ. ಪಕ್ಕದ ಮನೆಯವರ ಸ್ಕೂಟರ್? ನಡ್ಕೊಂಡು ಶಾಲೆಗೆ ಹೋಗೋ ಮಕ್ಕಳು? ಕರೆದಾಗ ಬರಬೇಕಾದ 108? ದಾರಿ ಬದಿಯ ಚರಂಡಿ ಬಿಡಿಸಿ, ಗುಂಡಿಗೆ ನಾಲ್ಕು ಲೋಡ್ ಜಂಬಿಟ್ಟಿಗೆ ಚೂರು ಹಾಕೋದು ಯಾವ ಸ್ನಾರ್ಕೆಲ್‌ಗಿಂತಲೂ ದೊಡ್ಡ ಅಪ್‌ಗ್ರೇಡ್. ತೊಟ್ಟಿ ಇರೋ ಗಾಡಿ ನಿಮ್ಮ ಹತ್ರವೇ ಇದೆಯಲ್ಲ, ಆ ಲೋಡ್ ಹೊರೋಕೆ.

ಈ ವಾರ ಒಂದು ಕೆಲಸ ಮಾಡಿ. ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ಚಾಸಿಯ ತೂತುಗಳು ತೆರೆದಿವೆಯಾ ನೋಡಿ. ವಿಮೆ ಪತ್ರ ತೆಗೆದು ಎಂಜಿನ್ ರಕ್ಷಣೆ ಇದೆಯಾ ನೋಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿ. ಮೂರಕ್ಕೂ ಸೇರಿ ಅರ್ಧ ಗಂಟೆ. ಖರ್ಚು ಸೊನ್ನೆ. ರಾತ್ರಿ ಮೂರು ಗಂಟೆಗೆ ಮನೆಯಲ್ಲಿ ಯಾರಿಗೋ ಎದೆನೋವು ಅಂದಾಗ ಗಾಡಿ ಒಂದೇ ಕೀಲಿಗೆ ಸ್ಟಾರ್ಟ್ ಆಗಿ ಡಾಂಬರು ಮುಟ್ಟಬೇಕು. ನಮ್ಮ ಊರಲ್ಲಿ ಒಳ್ಳೆ ಪಿಕಪ್ ಅಂದ್ರೆ ಅದು.

ಈ ಸಂಚಿಕೆ ಉಪಯೋಗ ಆಯ್ತು ಅನ್ಸಿದ್ರೆ ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿ.